ಕುನ್ಹಾ ಅವರನ್ನ ಬರೀ ‘ಆಯೋಗದ ಜಡ್ಜ್’ ಅಂತ ನೆನಪಿಟ್ಟುಕೊಂಡರೆ ಸಾಕಾ? ಕೆಳಗಿನ ಕೋರ್ಟಿನ ನ್ಯಾಯಾಧೀಶರ ಕೆಲಸದ ಬಗ್ಗೆ ಒಂದು ಪ್ರಶ್ನೆ

ಹೇಮಾವತಿ_ತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ. ನನ್ನ ತಂಗಿ ಹಾಸನದಲ್ಲಿ ಒಬ್ಬ ಸೀನಿಯರ್ ವಕೀಲರ ಹತ್ರ ಜೂನಿಯರ್ ಆಗಿದ್ದಾಳೆ. ಸಿವಿಲ್ ಜಡ್ಜ್ ಪರೀಕ್ಷೆ ಬರೆಯಬೇಕು ಅನ್ನೋದು ಅವಳ ಆಸೆ. ಅಪ್ಪನಿಗೆ ಇಷ್ಟವಿಲ್ಲ. “ಮೂರು ವರ್ಷಕ್ಕೊಂದು ಊರು, ನೆಂಟರ ಮದುವೆಗೆ ಹೋಗಬೇಕಾದರೂ ಹತ್ತು ಸಲ ಯೋಚಿಸಬೇಕು, ಬರೆದ ತೀರ್ಪನ್ನ ಮೇಲಿನವರು ಒಂದೇ ಸಾಲಲ್ಲಿ ಹೊಡೆದು ಹಾಕ್ತಾರೆ, ಕೊನೆಗೆ ಹೆಸರೂ ಉಳಿಯಲ್ಲ” ಅಂತಾರೆ.

ತಂಗಿ ತಕ್ಷಣ ಜಾನ್ ಮೈಕಲ್ ಕುನ್ಹಾ ಅವರ ಹೆಸರು ಹೇಳಿದಳು. ಅಪ್ಪ ಕೇಳಿದ್ದು ಒಂದೇ ಮಾತು: “ಯಾರು, ಚಿನ್ನಸ್ವಾಮಿ ಕಾಲ್ತುಳಿತದ ವರದಿ ಕೊಟ್ಟವರಾ?”

ನನಗೆ ಬೇಜಾರಾಯ್ತು. ಅಪ್ಪ ಪೇಪರ್ ಬಿಡದೆ ಓದೋರು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ಕೂತು, ಅಕ್ರಮ ಆಸ್ತಿ ಕೇಸಿನಲ್ಲಿ ಅಧಿಕಾರದಲ್ಲಿದ್ದ ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾಗೆ ನಾಲ್ಕು ವರ್ಷ ಜೈಲು, 100 ಕೋಟಿ ದಂಡ ಅಂತ ಓದಿದವರು ಇವರೇ. ಅದೂ ಹೈಕೋರ್ಟ್ ಜಡ್ಜ್ ಆಗಿ ಅಲ್ಲ, ವಿಚಾರಣಾ ನ್ಯಾಯಾಧೀಶರಾಗಿ. ಅದು ಅಪ್ಪನಿಗೂ ಮರೆತು ಹೋಗಿದೆ ಅಂದರೆ ಉಳಿದವರ ಕಥೆ ಏನು?

ಕೋರ್ಟಿನ ಒಳಗಿನವರು, ಹೊರಗಿನವರು ಯಾರಾದರೂ ಹೇಳಿ. ಇಂಥ ನ್ಯಾಯಾಧೀಶರ ಸೇವೆಯನ್ನ ಯಾವುದರಿಂದ ಅಳೀಬೇಕು?

ಕರಾವಳಿ ಕಾಗೆ

ನಮ್ಮ ಮಂಗಳೂರು ಕಡೆಯವರು ಮಾರಾಯ್ರೆ ಅವರು. ಇಲ್ಲಿ ಯಾರೂ ಮರೆತಿಲ್ಲ 🙏

ದಾವೆ_ದಾಖಲೆ

ವಕೀಲ, 19 ವರ್ಷ ಪ್ರಾಕ್ಟೀಸ್. ಒಂದು ತಿದ್ದುಪಡಿ. ನಿಮ್ಮ ತಂಗಿ ಬರೆಯೋಕೆ ಹೊರಟಿರೋ ಪರೀಕ್ಷೆ ಬೇರೆ, ಕುನ್ಹಾ ಅವರು ಬಂದ ದಾರಿ ಬೇರೆ. ಅವರು ವರ್ಷಗಟ್ಟಲೆ ವಕಾಲತ್ತು ಮಾಡಿ 2002ರಲ್ಲಿ ನೇರವಾಗಿ ಜಿಲ್ಲಾ ನ್ಯಾಯಾಧೀಶರಾದವರು. ಸಂವಿಧಾನದ 233ನೇ ವಿಧಿ ಪ್ರಕಾರ ಏಳು ವರ್ಷಕ್ಕೆ ಕಡಿಮೆ ಇಲ್ಲದ ವಕೀಲಿಕೆ ಬೇಕು. ಜಿಲ್ಲಾ ನ್ಯಾಯಾಧೀಶರ ಹುದ್ದೆಗಳಲ್ಲಿ ಕಾಲು ಭಾಗವನ್ನ 2025ರವರೆಗೂ ಹೀಗೆ ವಕೀಲರಿಂದಲೇ ತುಂಬ್ತಿದ್ದರು. ಉಳಿದವರು ಕೆಳಗಿಂದ, ನಾವು ಇವತ್ತಿಗೂ ಬಾಯಿ ಮಾತಿಗೆ ಮುನ್ಸಿಫ್ ಕೋರ್ಟ್ ಅಂತ ಕರೆಯೋ ಸಿವಿಲ್ ಜಡ್ಜ್ ಕೋರ್ಟಿನಿಂದ, ಮೆಟ್ಟಿಲು ಹತ್ತಿ ಬರೋರು.

ಇನ್ನೊಂದು, ನಿಮ್ಮ ತಂಗಿ ಎಷ್ಟು ವರ್ಷದಿಂದ ಜೂನಿಯರ್? 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ಪ್ರಾಕ್ಟೀಸ್ ಮತ್ತೆ ಕಡ್ಡಾಯ ಮಾಡಿದೆ. ಅದನ್ನ ಮೊದಲು ನೋಡ್ಕೊಳ್ಳಿ.

ಹೇಮಾವತಿ_ತೀರ

ಎರಡೂವರೆ ವರ್ಷ ಆಗಿದೆ ಸರ್. ಥ್ಯಾಂಕ್ಸ್, ಅವಳಿಗೂ ಗೊತ್ತಿದೆ.

ಹುಬ್ಬಳ್ಳಿ ಹುಡ್ಗ

ತೀರ್ಪು ಕೊಟ್ಟಿದ್ದು ದೊಡ್ಡದು ಖರೆ. ಆದ್ರ ಆ ಕೇಸ್ ಎಷ್ಟು ವರ್ಷ ಎಳದಾರ ನೋಡ್ರಿ. 1996ರಾಗ ಎಫ್‌ಐಆರ್, 2014ರಾಗ ತೀರ್ಪು. ಹದಿನೆಂಟು ವರ್ಷ! ಇದಕ್ಕ ಸೇವಾ ಅಂತೀರೇನು? ಸಾಮಾನ್ಯ ಮನಷ್ಯಾ ಆಗಿದ್ರ ಅಷ್ಟ್ರಾಗ ಸತ್ತ ಹೋಗಿರ್ತಿದ್ದ.

ದಾವೆ_ದಾಖಲೆ

@ಹುಬ್ಬಳ್ಳಿ ಹುಡ್ಗ ಹದಿನೆಂಟು ವರ್ಷದ ಲೆಕ್ಕವನ್ನ ಒಬ್ಬರ ತಲೆಗೆ ಕಟ್ಟಬೇಡಿ. ಚೆನ್ನೈಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. ಅಲ್ಲಿ ನ್ಯಾಯಯುತ ವಿಚಾರಣೆ ಆಗಲ್ಲ ಅಂತ ಡಿಎಂಕೆಯ ಅನ್ಬಳಗನ್ ಅರ್ಜಿ ಹಾಕಿದ ಮೇಲೆ ಸುಪ್ರೀಂ ಕೋರ್ಟ್ 2003ರ ನವೆಂಬರ್ 18ರಂದು ಕೇಸನ್ನ ಬೆಂಗಳೂರಿಗೆ ಕಳಿಸಿತು. ಬಂದದ್ದು ಕೇಸ್ ಮಾತ್ರ ಅಲ್ಲ, ತಮಿಳಿನಲ್ಲಿದ್ದ ಕಾಗದದ ರಾಶಿಯೂ ಬಂತು. ಅದನ್ನೆಲ್ಲ ಅನುವಾದ ಮಾಡಿಸಬೇಕು. ಸಾಲದ್ದಕ್ಕೆ ಒಂದರ ಮೇಲೊಂದು ಮಧ್ಯಂತರ ಅರ್ಜಿ. ಪಚ್ಛಾಪುರೆ ಅವರಿಂದ ಶುರುವಾಗಿ ಮಲ್ಲಿಕಾರ್ಜುನಯ್ಯ, ಬಾಲಕೃಷ್ಣ ಅಂತ ಒಬ್ಬರಾದ ಮೇಲೆ ಒಬ್ಬರು ನ್ಯಾಯಾಧೀಶರು ಅದನ್ನ ಹೊತ್ತರು. ಜಯಲಲಿತಾ ಖುದ್ದು ಬಂದು ಹೇಳಿಕೆ ಕೊಟ್ಟದ್ದು 2011ರಲ್ಲಿ, ಮಲ್ಲಿಕಾರ್ಜುನಯ್ಯ ಅವರ ಮುಂದೆ. ಪ್ರಶ್ನೆಗಳು ಎಷ್ಟು ಗೊತ್ತಾ? 1,339. ಅಷ್ಟನ್ನೂ ನ್ಯಾಯಾಧೀಶರು ಸಾಕ್ಷ್ಯದಿಂದ ಹೆಕ್ಕಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಪೇಪರಿನಲ್ಲಿ ಅದಕ್ಕೆ ಸಿಗೋದು ಒಂದು ಸಾಲು.

2013ರ ಸೆಪ್ಟೆಂಬರ್ ಕೊನೆಗೆ ಬಾಲಕೃಷ್ಣ ಅವರು ನಿವೃತ್ತರಾದಾಗ ಅವರನ್ನೇ ಮುಂದುವರಿಸಿ ಅಂತ ಆರೋಪಿಗಳೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೊನೆಗೆ ಆ ಕುರ್ಚಿಗೆ ಕುನ್ಹಾ ಬಂದರು. ಒಂದು ವರ್ಷದೊಳಗೆ ತೀರ್ಪು ಬರೆದು ಮುಗಿಸಿದರು. ವಾದ ಮಂಡಿಸೋಕೆ ತಡ ಮಾಡಿದಾಗ ಸರ್ಕಾರಿ ವಕೀಲರಿಗೇ ಒಂದು ದಿನದ ಸಂಭಾವನೆಯಷ್ಟು ದಂಡ ಹಾಕಿದ್ದರು. ಹಾಗಾಗಿ ಎಳೆದವರು ಯಾರು, ಎಳೆಯೋಕೆ ಬಿಡದವರು ಯಾರು ಅಂತ ಬಿಡಿಸಿ ನೋಡಿ.

ತುಂಗೆಯ ದಡ

ಆದರೆ 2015ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತಲ್ಲ? ಅಂದರೆ ಕುನ್ಹಾ ಅವರ ತೀರ್ಪು ಬಿದ್ದಿತ್ತು. ಅಪ್ಪ ಹೇಳಿದ್ದು ಸರಿಯಾಯ್ತಲ್ವಾ, ‘ಮೇಲಿನವರು ಹೊಡೆದು ಹಾಕ್ತಾರೆ’ ಅಂತ.

ಲೆಕ್ಕದ_ಮೇಷ್ಟ್ರು

@ತುಂಗೆಯ ದಡ ಇದಕ್ಕೆ ನಾನು ಉತ್ತರ ಕೊಡ್ತೀನಿ, ಯಾಕಂದರೆ ಇದು ನನ್ನ ಕಸುಬಿನ ವಿಷಯ. ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡಿ ನಿವೃತ್ತನಾದವನು. ಈ ಲೆಕ್ಕವನ್ನ ನಾನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ತೋರಿಸಿದ್ದೆ.

ಮೊದಲು ಕುನ್ಹಾ ಅವರ ಲೆಕ್ಕ. ಆಸ್ತಿ 55,02,48,215 ರೂಪಾಯಿ. ಕೇಸಿಗೆ ಸಂಬಂಧಿಸಿದ ಅವಧಿಯ ಖರ್ಚು 8,49,06,833. ಎರಡೂ ಕೂಡಿದರೆ 63,51,55,048. ಅದರಲ್ಲಿ ಆದಾಯ 9,91,05,094 ಕಳೆಯಿರಿ. ಆದಾಯಕ್ಕೆ ಮೀರಿದ್ದು ಅಂತ ಉಳಿಯೋದು 53,60,49,954. ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಪ್ರಾಸಿಕ್ಯೂಷನ್ ಹೇಳಿದ್ದು 66 ಕೋಟಿ ಚಿಲ್ಲರೆ ಅನ್ನೋದನ್ನ ಗಮನಿಸಿ. ಅವರು ಕೊಟ್ಟ ಅಂಕಿಯನ್ನ ಕಣ್ಣು ಮುಚ್ಚಿ ತಗೊಂಡಿಲ್ಲ, ತಾವೇ ಕೂತು ಕಳೆದಿದ್ದಾರೆ.

ಈಗ 2015ರ ಮೇ 11ರ ಹೈಕೋರ್ಟ್ ತೀರ್ಪು. ಅಲ್ಲಿ ಸಾಲದ ಹತ್ತು ಬಾಬ್ತುಗಳ ಪಟ್ಟಿ ಇದೆ. ಕೆಳಗೆ ಒಟ್ಟು ಅಂತ ಹಾಕಿರೋದು 24,17,31,274. ನೀವೇ ಒಂದೊಂದಾಗಿ ಕೂಡಿ ನೋಡಿ, ಬರೋದು 10,67,31,274. ಹದಿಮೂರೂವರೆ ಕೋಟಿ ವ್ಯತ್ಯಾಸ! ಸಾಲವನ್ನ ಆದಾಯದ ಕಡೆ ಹಾಕಿದ್ದರಿಂದ ಆದಾಯ ಅಷ್ಟು ಉಬ್ಬಿತು. ಹೆಚ್ಚುವರಿ ಆಸ್ತಿ ಆದಾಯದ ಬರೀ ಶೇ 8.12 ಅಂತ ಬಂತು. ಶೇ 10ರ ಒಳಗಿದ್ದರೆ ವಿನಾಯಿತಿ ಕೊಡಬಹುದು ಅನ್ನೋ ಹಳೇ ತೀರ್ಪಿನ ಆಧಾರದ ಮೇಲೆ ಖುಲಾಸೆ. ಸರಿಯಾಗಿ ಕೂಡಿದ್ದರೆ ಅದು ಶೇ 76 ದಾಟ್ತಿತ್ತು.

ಸುಪ್ರೀಂ ಕೋರ್ಟ್ 2017ರ ಫೆಬ್ರುವರಿ 14ರಂದು ಆ ಖುಲಾಸೆಯನ್ನ ರದ್ದು ಮಾಡಿ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿ ಹಿಡಿಯಿತು. ಹಾಗಾಗಿ ‘ಬಿದ್ದಿತ್ತು’ ಅಂದರೆ ಅರ್ಧ ಕಥೆ ಮಾತ್ರ ಹೇಳಿದ ಹಾಗೆ.

ತುಂಗೆಯ ದಡ

ಒಪ್ಪಿದೆ ಮೇಷ್ಟ್ರೆ. ಹತ್ತು ಅಂಕಿ ಕೂಡೋದರಲ್ಲಿ ಇಷ್ಟಿದೆ ಅಂತ ಗೊತ್ತಿರಲಿಲ್ಲ.

ಕಾವೇರಿ_ಕಣಿವೆ

ಅಷ್ಟರಲ್ಲಿ ಜಯಲಲಿತಾ ತೀರಿ ಹೋಗಿದ್ದರು, 2016ರ ಡಿಸೆಂಬರಿನಲ್ಲಿ. ಜೈಲಿಗೆ ಹೋಗಿ ಪೂರ್ತಿ ಶಿಕ್ಷೆ ಅನುಭವಿಸಿದ್ದು ಅವರ ಆಪ್ತೆ ಶಶಿಕಲಾ ಮತ್ತು ಉಳಿದಿಬ್ಬರು ಆರೋಪಿಗಳು. ಶಶಿಕಲಾ 2021ರ ಜನವರಿಯಲ್ಲಿ ಬಿಡುಗಡೆ ಆದರು. ಈ ಕೇಸಿನಲ್ಲಿ ಜಪ್ತಿಯಾಗಿ ಬೆಂಗಳೂರಿನಲ್ಲಿ ಇಟ್ಟಿದ್ದ 27 ಕೆಜಿ ಚಿನ್ನದ ಒಡವೆ, 1,526 ಎಕರೆ ಜಮೀನಿನ ಪತ್ರಗಳು ತಮಿಳುನಾಡು ಸರ್ಕಾರದ ಕೈಗೆ ಹೋಗಿದ್ದು 2025ರ ಫೆಬ್ರುವರಿಯಲ್ಲಿ. ಒಂದು ತೀರ್ಪು ಎಷ್ಟು ದೂರ ನಡೆಯುತ್ತೆ ನೋಡಿ.

ಹುಬ್ಬಳ್ಳಿ ಹುಡ್ಗ

ಮೇಷ್ಟ್ರ ಲೆಕ್ಕ ಓದಿ ತಲಿ ಬಾಗಿಸಿದೆ. ಆದ್ರ ನನ್ನ ಪ್ರಶ್ನೆ ಬ್ಯಾರೆನ ಐತಿ. ಇಷ್ಟ್ ದೊಡ್ಡ ಕೇಸಿಗೆ ಪ್ರತ್ಯೇಕ ಕೋರ್ಟ್, ಪ್ರತ್ಯೇಕ ಜಡ್ಜ್. ನಮ್ಮಪ್ಪಂದು ಹೊಲದ ವಾಟ್ನಿ ಕೇಸ್ ಹನ್ನೊಂದ ವರ್ಷ ನಡೀತು. ಡಿಕ್ರಿ ಆತು ಅಂತ ಪೇಡೆ ಹಂಚಿದ್ವಿ. ಆಮ್ಯಾಲೆ ವಕೀಲರು ಹೇಳಿದ್ರು, ಇದು ಪ್ರಾಥಮಿಕ ಡಿಕ್ರಿ, ಇನ್ನ ಅಂತಿಮ ಡಿಕ್ರಿಗೆ ಬ್ಯಾರೆ ಅರ್ಜಿ ಹಾಕಬೇಕು, ಕಮಿಷನರ್ ಬಂದು ಅಳತಿ ಮಾಡಬೇಕು ಅಂತ. ಅಪ್ಪ ಅಳತಿ ಸರಪಳಿ ನೋಡೂಕ್ಕ ಇರಲಿಲ್ಲ. ಹನ್ನೊಂದು ವರ್ಷದಾಗ ಜಡ್ಜ್ ಸಾಹೇಬರು ನಾಕ ಮಂದಿ ಬದಲಾದ್ರು. ಪ್ರತಿ ಸಲ ಹೊಸಬರು ಬಂದಾಗ ಫೈಲ್ ಮತ್ತ ಮೊದಲಿಂದ ಓದಬೇಕು. ಆ ನಾಕ ಮಂದಿಯೊಳಗ ಒಬ್ಬರ ಹೆಸರೂ ನನಗ ನೆನಪಿಲ್ಲ. ಸಿಟ್ಟಿಂದ ಹೇಳ್ತಿಲ್ಲ, ಸಂಕಟದಿಂದ ಹೇಳ್ತೀನಿ.

ನಿವೃತ್ತ_ಬೆಂಚ್‌ಕ್ಲರ್ಕ್

ಹುಬ್ಬಳ್ಳಿಯ ತಮ್ಮಾ, ನಿಮ್ಮ ತಂದೆಯವರ ವಿಷಯ ಓದಿ ಮನಸ್ಸಿಗೆ ನೋವಾಯಿತು. ನಾನು 34 ವರ್ಷ ನ್ಯಾಯಾಂಗ ಇಲಾಖೆಯಲ್ಲಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಜಡ್ಜ್ ಸಾಹೇಬರ ಕೆಳಗಿನ ಮೇಜಿನಲ್ಲೇ ಕೂತವನು. ನೀವು ಕಂಡಿದ್ದು ನಿಜ. ನಾನು ಕಂಡಿದ್ದನ್ನೂ ಹೇಳುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಸಾಹೇಬರು ಡಯಾಸಿಗೆ ಬರುವ ಹೊತ್ತಿಗೆ ನನ್ನ ಮೇಜಿನ ಮೇಲೆ ಎಂಬತ್ತು, ತೊಂಬತ್ತು ಫೈಲು. ಅಟೆಂಡರ್ ಬಾಗಿಲಲ್ಲಿ ನಿಂತು ಒಂದೊಂದು ಹೆಸರನ್ನು ಮೂರು ಸಲ ಕೂಗುತ್ತಾನೆ. ವಕೀಲರು “ಹಿರಿಯರು ಬೇರೆ ಕೋರ್ಟಿನಲ್ಲಿದ್ದಾರೆ, ಒಂದು ಡೇಟ್ ಕೊಡಿ ಸ್ವಾಮಿ” ಎನ್ನುತ್ತಾರೆ. ಸಮನ್ಸ್ ಜಾರಿಯಾಗಿಲ್ಲ, ಅಮೀನರಿಗೆ ಮನೆ ಸಿಕ್ಕಿಲ್ಲ. ಪೊಲೀಸರು ಸಾಕ್ಷಿಯನ್ನು ಕರೆತಂದಿಲ್ಲ. ಅರ್ಧ ದಿನ ಇದರಲ್ಲೇ ಹೋಗುತ್ತದೆ. ಮಧ್ಯಾಹ್ನ ಸಾಕ್ಷಿ ವಿಚಾರಣೆ. ಸಂಜೆ ಚೇಂಬರಿನಲ್ಲಿ ಸ್ಟೆನೋಗೆ ಆದೇಶ ಹೇಳಿ ಬರೆಸುವುದು. ತೀರ್ಪು ಮಾತ್ರ ಮನೆಯಲ್ಲಿ, ರಾತ್ರಿ.

ಒಬ್ಬ ಸಾಹೇಬರಿದ್ದರು, ಹೆಸರು ಬೇಡ. ಚಿಕ್ಕ ತಾಲ್ಲೂಕು ಕೋರ್ಟು. ಜೀವನಾಂಶದ ಅರ್ಜಿಯಲ್ಲಿ ಒಬ್ಬ ಹೆಣ್ಣುಮಗಳು ಸಾಕ್ಷಿ ಕಟ್ಟೆ ಹತ್ತಿದಳು. ಎದುರು ವಕೀಲರು ಪಾಟೀಸವಾಲಿನಲ್ಲಿ ಜೋರು ಮಾಡಿದರು. ಅವಳು ಕಟ್ಟೆಯ ಮರದ ಹಿಡಿಯನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಒಂದು ಬಳೆ ಒಡೆದು ಕೆಳಗೆ ಬಿತ್ತು. ಸಾಹೇಬರು ಪೆನ್ನು ಕೆಳಗಿಟ್ಟರು. ಅಟೆಂಡರಿಗೆ ನೀರು ತರಲು ಹೇಳಿದರು. “ನೀನು ನನ್ನ ಕಡೆ ನೋಡಿ ಉತ್ತರ ಹೇಳಮ್ಮ, ಅವರ ಕಡೆ ನೋಡಬೇಡ” ಎಂದರು. ವಕೀಲರನ್ನು ಗದರಲಿಲ್ಲ. ಆಮೇಲೆ ಅವಳ ಹೇಳಿಕೆಯನ್ನು ಪೂರ್ತಿ ಕನ್ನಡದಲ್ಲಿ ಓದಿಸಿ, ಒಂದು ತಪ್ಪನ್ನು ಅವಳ ಮಾತಿನಂತೆ ತಿದ್ದಿಸಿ, ಆಮೇಲೆ ಸಹಿ ಹಾಕಿಸಿದರು. ಹೀಗೆ ಓದಿ ಹೇಳಬೇಕೆಂಬುದು ಕಾನೂನಿನಲ್ಲಿಯೇ ಇದೆ. ತೊಂಬತ್ತು ಫೈಲಿನ ನಡುವೆ ಅದನ್ನು ಪ್ರತಿ ಸಲವೂ ಮಾಡುವವರು ಕಡಿಮೆ.

ಆ ಸಾಹೇಬರು ಅಲ್ಲಿಂದ ವರ್ಗವಾಗಿ ಹೋದ ದಿನ ಯಾರೂ ಹಾರ ಹಾಕಲಿಲ್ಲ. ಒಂದು ಲಗೇಜ್ ಆಟೋದಲ್ಲಿ ಸಾಮಾನು, ಹಿಂದೆ ಅವರ ಹಳೇ ಕಾರು.

ಮಲ್ಲಿಗೆ_ಮೈಸೂರು

ಕಣ್ಣು ತುಂಬಿ ಬಂತು ಸರ್.

ದಾವೆ_ದಾಖಲೆ

ಬೆಂಚ್ ಕ್ಲರ್ಕ್ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಸಾಕ್ಷಿಯ ಮುಖ ನೋಡೋ ಅವಕಾಶ ಇರೋದು ವಿಚಾರಣಾ ನ್ಯಾಯಾಧೀಶರಿಗೆ ಮಾತ್ರ. ಸಾಕ್ಷಿಯ ಹಾವಭಾವವನ್ನೂ ದಾಖಲಿಸಬಹುದು ಅಂತ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮಿನಲ್ಲೇ ಇತ್ತು. ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗೋದು ಕಾಗದ. ಒಡೆದ ಬಳೆ ಕಾಗದಕ್ಕೆ ಇಳಿಯದೆ ಹೋದರೆ ಮೇಲಿನವರಿಗೆ ಅದು ಕಾಣೋದೇ ಇಲ್ಲ. ಕುನ್ಹಾ ಅವರ ಕೇಸಿನಲ್ಲೂ ಅಷ್ಟೇ, ಅವರು ಅಂಕಿಅಂಶವನ್ನ ಅಷ್ಟು ಬಿಡಿಸಿ ಬರೆದಿಟ್ಟಿದ್ದಕ್ಕೇ ಸುಪ್ರೀಂ ಕೋರ್ಟಿಗೆ ಎರಡೂ ತೀರ್ಪುಗಳನ್ನ ಪಕ್ಕಪಕ್ಕ ಇಟ್ಟು ನೋಡೋಕಾಯ್ತು.

ಶರಾವತಿ77

ಕನ್ನಡದಲ್ಲಿ ಓದಿಸಿದರು ಅಂದ್ರಲ್ಲ, ಅದೇ ನನ್ನ ದೊಡ್ಡ ಕೊರಗು. ನಾನು ಸಾಕ್ಷಿ ಹೇಳೋಕೆ ಹೋಗಿದ್ದೆ. ನಾನು ಹೇಳ್ತಿದ್ದದ್ದು ಕನ್ನಡ, ಟೈಪ್ ಆಗ್ತಿದ್ದದ್ದು ಇಂಗ್ಲಿಷ್. “ಜಗುಲಿ ಮೇಲೆ ಕೂತಿದ್ದ” ಅಂತ ಹೇಳಿದ್ದು ಆಮೇಲೆ ನಕಲು ತೆಗೆಸಿದಾಗ ‘ಮನೆಯೊಳಗಿದ್ದ’ ಅನ್ನೋ ಅರ್ಥ ಬರೋ ಹಾಗಿತ್ತು. ಜಗುಲಿ ಯಾವುದು, ಮನೆಯೊಳಗೆ ಯಾವುದು ಅನ್ನೋದೇ ಆ ಕೇಸಿನ ಜೀವ!

ಕನ್ನಡ_ಕಟ್ಟಾಳು

ಅಧೀನ ನ್ಯಾಯಾಲಯಗಳಲ್ಲಿ ಕನ್ನಡ ಬಳಸೋಕೆ ಕಾನೂನಿನ ಅಡ್ಡಿ ಇಲ್ಲ, ಬಳಸಿ ಅಂತಲೇ ಇದೆ. ಹೈಕೋರ್ಟಿನಲ್ಲೇ 2024ರ ಡಿಸೆಂಬರಿನಲ್ಲಿ ನ್ಯಾ. ಕೃಷ್ಣ ದೀಕ್ಷಿತ್, ನ್ಯಾ. ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಿತು. ಮೇಲೆ ಆಗೋದಾದರೆ ತಾಲ್ಲೂಕಿನಲ್ಲಿ ಯಾಕಾಗಲ್ಲ?

ದಾವೆ_ದಾಖಲೆ

@ಕನ್ನಡ_ಕಟ್ಟಾಳು ಮೇಲ್ಮನವಿಗೆ ಹೋದಾಗ ಅನುವಾದ ಮಾಡಿಸಬೇಕು, ಕನ್ನಡ ಸ್ಟೆನೋಗಳು ಸಾಕಷ್ಟಿಲ್ಲ, ಹೊಸ ತೀರ್ಪುಗಳ ಪುಸ್ತಕ ಎಲ್ಲ ಇಂಗ್ಲಿಷ್. ನಾನು ಸಮರ್ಥನೆ ಮಾಡ್ತಿಲ್ಲ, ಕಾರಣ ಹೇಳ್ತಿದ್ದೀನಿ. ಆದರೂ ಕನ್ನಡದಲ್ಲೇ ಬರೆಯೋ ನ್ಯಾಯಾಧೀಶರಿದ್ದಾರೆ. ಅಂಥ ತೀರ್ಪು ಬಂದಾಗ ಕಕ್ಷಿದಾರ ನನ್ನನ್ನ ಕೇಳದೆ ತಾನೇ ಓದ್ಕೊಳ್ತಾನೆ. ಸೋತವನೂ ಓದ್ತಾನೆ.

ಕರಾವಳಿ ಕಾಗೆ

ವಿಷಯ ಎಲ್ಲಿಂದ ಎಲ್ಲಿಗೋ ಹೋಯ್ತಲ್ವಾ? ಸಂಬಳದ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಮದುವೆಗೆ ಗಂಡು ನೋಡುವವರು ಮೊದಲು ಕೇಳುವುದು ಅದೇ ಉಂಟು.

ಮಲ್ಲಿಗೆ_ಮೈಸೂರು

ಆ ಹುಡುಗಿ ಪರೀಕ್ಷೆ ಬಗ್ಗೆ ಕೇಳ್ತಿದ್ದಾಳೆ, ಗಂಡಿನ ಬಗ್ಗೆ ಅಲ್ಲ ಕಣ್ರೀ.

ದಾವೆ_ದಾಖಲೆ

ಸಿವಿಲ್ ಜಡ್ಜ್ ಮೂಲ ವೇತನ ಈಗ 77,840ರಿಂದ ಶುರು, ಜಿಲ್ಲಾ ನ್ಯಾಯಾಧೀಶರದ್ದು 1,44,840ರಿಂದ. ಇದು ನ್ಯಾ. ಪಿ.ವಿ. ರೆಡ್ಡಿ ಆಯೋಗದ ಶಿಫಾರಸು. ಅದಕ್ಕಿಂತ ಮೊದಲು ಇಡೀ ದೇಶದ ಕೆಳ ನ್ಯಾಯಾಲಯಗಳ ಸಂಬಳ, ಮನೆ, ಕೆಲಸದ ಸ್ಥಿತಿ ನೋಡಿದ ಮೊದಲ ಆಯೋಗ ನಮ್ಮ ಕರ್ನಾಟಕದ ನ್ಯಾ. ಕೆ. ಜಗನ್ನಾಥ ಶೆಟ್ಟಿ ಅವರದ್ದು. ಅದಕ್ಕಿಂತ ಹಿಂದೆ ಬಾಡಿಗೆ ಮನೆ ಸಿಗದೆ ಒದ್ದಾಡಿದ ಮುನ್ಸಿಫರ ಕಥೆಗಳನ್ನ ನಮ್ಮ ಸೀನಿಯರ್ ಹೇಳ್ತಿದ್ದರು. ಕಕ್ಷಿದಾರನ ಮನೆಯಲ್ಲಿ ಬಾಡಿಗೆಗೆ ಇರೋ ಹಾಗಿಲ್ಲವಲ್ಲ!

ಹುಬ್ಬಳ್ಳಿ ಹುಡ್ಗ

ಬೆಂಚ್ ಕ್ಲರ್ಕ್ ಸರ್, ನೀವು ಬರದದ್ದನ್ನ ಎರಡ ಸಲ ಓದಿದೆ. ನಮ್ಮ ಕೇಸಿನಾಗೂ ಒಬ್ಬರು ಅಂಥವರು ಇದ್ರು ಅನ್ನೂದು ಈಗ ನೆನಪಾತು. ಮೂರನೇದವರು. ಲೋಕ ಅದಾಲತ್‌ಗೆ ನಮ್ಮಪ್ಪನ್ನ, ಕಾಕಾನ್ನ ಇಬ್ಬರನ್ನೂ ಕರಸಿ ಎದುರಾಬದುರಾ ಕುಂದ್ರಿಸಿದ್ರು. “ಇಲ್ಲಿ ರಾಜಿ ಆದ್ರ ಅದಾ ಡಿಕ್ರಿ, ಮತ್ತ ಅಪೀಲ್ ಇಲ್ಲ, ಕಟ್ಟಿದ ಕೋರ್ಟ್ ಫೀನೂ ವಾಪಸ್ ಬರತೈತಿ” ಅಂತ ತಿಳಿಸಿ ಹೇಳಿದ್ರು. ಕಾಕಾ ಒಪ್ಪಲಿಲ್ಲ. ಅಪ್ಪ ಒಪ್ಪಿದ್ದ. ಅವತ್ತ ಕಾಕಾ ಹೂಂ ಅಂದಿದ್ರ ಇನ್ನೂ ಎಂಟ ವರ್ಷ ಉಳೀತಿತ್ತು. ಆ ಸಾಹೇಬರ ತಪ್ಪ ಇರಲಿಲ್ಲ.

ನಿವೃತ್ತ_ಬೆಂಚ್‌ಕ್ಲರ್ಕ್

ಅದಾಲತ್ತಿನ ಹಿಂದಿನ ಎರಡು ವಾರ ಸಾಹೇಬರುಗಳು ಎಷ್ಟು ಹೊತ್ತು ಹಾಗೆ ಕೂರಿಸಿ ಮಾತಾಡುತ್ತಾರೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕೋರ್ಟ್ ಎದ್ದ ಮೇಲೆ ಸಂಜೆ ಆರಕ್ಕೆ, ಏಳಕ್ಕೆ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕೆಲಸವೂ ಅವರ ತಲೆ ಮೇಲೆಯೇ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು, 1987ರ ಕಾಯ್ದೆ ಹಾಗೆ ಹೇಳುತ್ತದೆ. ಭಾನುವಾರ ಶಾಲೆಗಳಲ್ಲಿ, ಜೈಲಿನಲ್ಲಿ ಅರಿವು ಕಾರ್ಯಕ್ರಮ. ಬಳೆ ಒಡೆದುಕೊಂಡ ಆ ಹೆಣ್ಣುಮಗಳಿಗೂ ವಕೀಲರು ಸಿಕ್ಕಿದ್ದು ಹಾಗೆಯೇ.

ತುಂಗೆಯ ದಡ

ಹಾಗಾದರೆ ಕುನ್ಹಾ ಅವರ ಆಯೋಗಗಳನ್ನೂ ಸೇವೆಯಲ್ಲೇ ಸೇರಿಸಬೇಕಲ್ವಾ? 2016ರ ನವೆಂಬರಿನಲ್ಲಿ ಹೈಕೋರ್ಟಿಗೆ ಹೋದರು, 2021ರಲ್ಲಿ ನಿವೃತ್ತಿ. ಆಮೇಲೆ ಕೋವಿಡ್ ಕಾಲದ ಖರೀದಿ ಅಕ್ರಮದ ವಿಚಾರಣೆ, ಆಮೇಲೆ ಚಿನ್ನಸ್ವಾಮಿ ಕಾಲ್ತುಳಿತದ್ದು. ಅಪ್ಪ ನೆನಪಿಟ್ಟುಕೊಂಡಿದ್ದು ಪೂರ್ತಿ ತಪ್ಪೇನಲ್ಲ.

ದಾವೆ_ದಾಖಲೆ

ಸೇರಿಸಿ, ಆದರೆ ತೂಕ ಬೇರೆ. ಆಯೋಗದ ವರದಿ ಸರ್ಕಾರಕ್ಕೆ ಕೊಡೋ ಸಲಹೆ. ಒಪ್ಪೋದು ಬಿಡೋದು ಸರ್ಕಾರದ ಕೈಯಲ್ಲಿ. ತೀರ್ಪು ಹಾಗಲ್ಲ. 2014ರ ಆ ದಿನ ಅವರು ಓದಿ ಮುಗಿಸಿದ ಕೂಡಲೇ ಒಬ್ಬ ಮುಖ್ಯಮಂತ್ರಿಯ ಶಾಸಕ ಸ್ಥಾನ, ಕುರ್ಚಿ ಎರಡೂ ಹೋಯ್ತು. ಶಿಕ್ಷೆಯಾಗಿ ಅಧಿಕಾರ ಕಳಕೊಂಡ ಮೊದಲ ಹಾಲಿ ಮುಖ್ಯಮಂತ್ರಿ ಅವರು. ಕುನ್ಹಾ ಅವರ ವೃತ್ತಿಯಲ್ಲಿ ನನಗೆ ದೊಡ್ಡದಾಗಿ ಕಾಣೋದು ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲವೇ, ಆಮೇಲಿನ ಪದವಿಗಳಲ್ಲ.

ಲೆಕ್ಕದ_ಮೇಷ್ಟ್ರು

ನನ್ನದೂ ಅದೇ ಮಾತು. ತೀರ್ಪಿನ ದಿನ ಟಿವಿಯಲ್ಲಿ ಪರಪ್ಪನ ಅಗ್ರಹಾರದ ರಸ್ತೆ ತುಂಬ ಪೊಲೀಸರು, ಹೊಸೂರು ಗಡಿಯಲ್ಲಿ ವಾಹನಗಳ ಸಾಲು. ಅಷ್ಟು ಗದ್ದಲದ ನಡುವೆ ಆ ಮನುಷ್ಯ ಕೂಡಿ ಕಳೆದ ಅಂಕಿಯಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಹೇಮಾವತಿ_ತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಅಪ್ಪನಿಗೆ ಇಡೀ ಚರ್ಚೆ ಓದಿ ಹೇಳಿದೆ. ಮೇಷ್ಟ್ರ ಲೆಕ್ಕವನ್ನ ಪೆನ್ನು ಹಿಡಿದು ತಾವೇ ಕೂಡಿ ನೋಡಿದರು. ಬೆಂಚ್ ಕ್ಲರ್ಕ್ ಸರ್ ಬರೆದ ಭಾಗ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಪ್ಪಿದೆ ಅಂತ ಈಗಲೂ ಹೇಳಿಲ್ಲ. ಆದರೆ ತಂಗಿಯನ್ನ ಕರೆದು “ಕನ್ನಡದಲ್ಲಿ ತೀರ್ಪು ಬರೆಯೋಕೆ ಬರುತ್ತೇನೇ ನಿನಗೆ?” ಅಂತ ಕೇಳಿದರು.

ಅವಳು ಕೇಳ್ತಿದ್ದಾಳೆ: ಮೇನ್ಸ್‌ನಲ್ಲಿ ತೀರ್ಪು ಬರೆಯೋ ಪ್ರಶ್ನೆಗೆ ಹೇಗೆ ತಯಾರಾಗೋದು?

ದಾವೆ_ದಾಖಲೆ

ಗೈಡ್ ಪುಸ್ತಕ ಪಕ್ಕಕ್ಕಿಡಲಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ತಾಲ್ಲೂಕು ಕೋರ್ಟಿನ ತೀರ್ಪುಗಳೇ ಸಿಗ್ತವೆ. ದಿನಕ್ಕೆ ಒಂದು ಓದಲಿ. ವಾದಿ ಏನು ಹೇಳಿದ, ಪ್ರತಿವಾದಿ ಏನು ಹೇಳಿದ, ವಿವಾದಾಂಶ ಹೇಗೆ ತೆಗೆದರು, ಯಾವ ಸಾಕ್ಷಿಯನ್ನ ಯಾಕೆ ನಂಬಿದರು, ಇಷ್ಟನ್ನ ತನ್ನ ಮಾತಲ್ಲಿ ಬರೆದು ನೋಡಲಿ.

ನಿವೃತ್ತ_ಬೆಂಚ್‌ಕ್ಲರ್ಕ್

ಮಗಳಿಗೆ ಹೇಳಿ, ಸೀನಿಯರ್ ಕೆಲಸ ಇಲ್ಲದ ದಿನ ಮಧ್ಯಾಹ್ನ ಮೂರರ ನಂತರ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂರಲಿ. ಪಾಟೀಸವಾಲು ನಡೆಯುವುದು ಆಗ. ವಕೀಲರನ್ನು ನೋಡುವುದು ಬೇಡ. ಸಾಕ್ಷಿ ಹೇಳಿದ್ದರಲ್ಲಿ ಸಾಹೇಬರು ಯಾವ ಮಾತನ್ನು ಬರೆಸುತ್ತಾರೆ, ಯಾವುದನ್ನು ಇನ್ನೊಮ್ಮೆ ಕೇಳುತ್ತಾರೆ, ಅದನ್ನು ನೋಡಲಿ.

ಹೇಮಾವತಿ_ತೀರ

ಸೋಮವಾರದಿಂದಲೇ ಹೋಗ್ತಾಳಂತೆ ಸರ್.